ಸಾಕ್ಷಿಯ ಮಾತು

ಯಾವ ಪಕ್ಷ ಲೇಸು, ಯಾವ ಕವಿ ದೊಡ್ಡವನು, ಯಾವ ವೈದ್ಯನ ಔಷಧ ಗುಣ ಕೊಟ್ಟೀತು ಎಂಬುದನ್ನು ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಅಪರಿಚಿತನಿಗೂ ನಾವು ಧಾರಾಳವಾಗಿ ಹೇಳುತ್ತೇವೆ. ಆದರೆ ಅದೇ ಬಸ್ಸಿನಲ್ಲಿ ಕ್ರೈಸ್ತ ತರುಣನೊಬ್ಬ, ಸಂಕಟದ ಕಾಲದಲ್ಲಿ ಪ್ರಾರ್ಥನೆ ತನಗೆ ಆಧಾರವಾಯಿತೆಂದು ಹೇಳಹೊರಟರೆ ಕೇಳುವವನ ಮುಖದಲ್ಲಿ ಶಂಕೆ ಮೂಡುತ್ತದೆ. ಹೇಳುವವನ ಗಂಟಲಲ್ಲಿ ಮಾತು ನಿಲ್ಲುತ್ತದೆ. ಇವನು ನನ್ನನ್ನು ತನ್ನ ಮತಕ್ಕೆ ಸೆಳೆಯಲು ಬಂದನೋ ಎಂದು ಒಬ್ಬನ ಅನುಮಾನ. ಹಾಗೆಂದು ಇವರು ತಿಳಿದಾರೋ ಎಂದು ಇನ್ನೊಬ್ಬನ ಅಳುಕು. ಇಬ್ಬರ ನಡುವೆ ಬೆಳೆಯಬಹುದಾಗಿದ್ದ ಸ್ನೇಹ ಅಲ್ಲಿಗೇ ಕುಂಠಿತವಾಗುತ್ತದೆ.

ಈ ಇಕ್ಕಟ್ಟಿಗೆ ಸಾಮಾನ್ಯವಾಗಿ ಎರಡು ಬಗೆಯ ಪರಿಹಾರಗಳನ್ನು ಹೇಳುವುದುಂಟು. ಧರ್ಮ ಮನೆಯೊಳಗಿನ ವಿಷಯ. ಅದನ್ನು ಅಲ್ಲಿಯೇ ಬಿಟ್ಟು ಬೀದಿಗೆ ಬರುವುದೇ ನಾಗರಿಕತೆ ಎಂಬುದು ಒಂದು. ಸುವಾರ್ತೆಯನ್ನು ಸಾರುವುದು ಕ್ರೈಸ್ತನಿಗೆ ವಿಧಿಸಿದ ಆಜ್ಞೆ. ಕೇಳುವವರು ಕೇಳಲಿ ಬಿಡಲಿ, ಸಾರಿದರೆ ಕರ್ತವ್ಯ ತೀರಿತು ಎಂಬುದು ಇನ್ನೊಂದು. ಎರಡೂ ಸುಲಭದ ದಾರಿಗಳೇ. ಮೊದಲನೆಯದನ್ನು ಹಿಡಿದವನ ನಂಬಿಕೆ ಅವನ ಅಂಗಡಿಯ ತಕ್ಕಡಿಯನ್ನಾಗಲಿ ಕಛೇರಿಯ ಕಡತವನ್ನಾಗಲಿ ಮುಟ್ಟದೆ, ಹಬ್ಬದ ದಿನ ತೊಡುವ ಉಡುಪಾಗಿ ಉಳಿಯುತ್ತದೆ. ಎರಡನೆಯದನ್ನು ಹಿಡಿದವನಿಗೆ ಎದುರಿಗಿರುವ ಮನುಷ್ಯನೇ ಕಾಣುವುದಿಲ್ಲ. ಕಾಣುವುದು ತನ್ನ ಕರ್ತವ್ಯದ ಲೆಕ್ಕ ಮಾತ್ರ.

ದೇವರ ವಿಷಯವನ್ನು ಬೀದಿಯಲ್ಲಿ ಆಡುವುದು ಕನ್ನಡನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರ ಅನುಭಾವ ಪಂಡಿತರ ಸಭೆಗೆ ಮೀಸಲಾಗದೆ ಅಂಬಿಗ, ಮಡಿವಾಳ, ಮಾದಾರರ ಬಾಯಿಂದಲೂ ಹೊರಟಿತು. ಹರಿದಾಸರು ತಂಬೂರಿ ಹಿಡಿದು ಮನೆಮನೆಯ ಮುಂದೆ ಹಾಡಿದರು. ತಾನು ಕಂಡುಕೊಂಡದ್ದನ್ನು ಹತ್ತು ಜನರ ಮುಂದೆ ಹೇಳಿಕೊಳ್ಳುವುದನ್ನು ಈ ನಾಡು ಅಪರಾಧವೆಂದು ಬಗೆಯದೆ ಪುಣ್ಯವೆಂದೇ ಎಣಿಸಿತು. ಹೀಗಿರುವಲ್ಲಿ ಕ್ರೈಸ್ತನೊಬ್ಬ ಮಾತ್ರ ಬಾಯಿ ಕಟ್ಟಿಕೊಂಡಿರಬೇಕೆನ್ನುವುದು ನ್ಯಾಯವಾಗದು. ಆದರೆ ಶರಣರೂ ದಾಸರೂ ಇತರರ ಕುಂದನ್ನು ಎತ್ತಿ ಆಡಿದಷ್ಟೇ ನಿಷ್ಠುರವಾಗಿ ತಮ್ಮ ಮನಸ್ಸಿನ ಕುಂದನ್ನೂ ಬಯಲಿಗಿಟ್ಟರು. ಅವರ ಮಾತಿಗೆ ಬಂದ ಬೆಲೆ ಅದರಿಂದ ಬಂದದ್ದು.

ಕಾನೂನಿನ ಮಾತೂ ಇದೆ. 1948ರ ಡಿಸೆಂಬರ್ 6ರಂದು ಸಂವಿಧಾನ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬಂದಿತು. ಧರ್ಮವನ್ನು ಅವಲಂಬಿಸುವ, ಆಚರಿಸುವ ಹಕ್ಕಿನೊಡನೆ ಪ್ರಸಾರ ಮಾಡುವ ಹಕ್ಕನ್ನೂ ಸೇರಿಸುವುದಕ್ಕೆ ಲೋಕನಾಥ ಮಿಶ್ರರು ಆಕ್ಷೇಪಿಸಿದರು. ಟಿ. ಟಿ. ಕೃಷ್ಣಮಾಚಾರಿಯವರು, ತಾವು ಸುಮಾರು 14 ವರ್ಷ ಕ್ರೈಸ್ತ ಸಂಸ್ಥೆಗಳಲ್ಲಿ ಓದಿದ್ದರೂ ತಮ್ಮನ್ನು ಮತಾಂತರಿಸುವ ಯತ್ನ ನಡೆಯಲಿಲ್ಲವೆಂದರು. ಆ ಒಂದು ಪದವನ್ನು ಕೈಬಿಟ್ಟರೂ ವಾಕ್‌ಸ್ವಾತಂತ್ರ್ಯದ ಬಲದಿಂದಲೇ ಒಬ್ಬ ಇನ್ನೊಬ್ಬನ ಮನವೊಲಿಸಬಹುದಲ್ಲ ಎಂಬುದು ಕೆ. ಎಂ. ಮುನ್ಷಿಯವರ ವಾದ. ಕೊನೆಗೆ ಪದ ಉಳಿಯಿತು. ಇಂದಿನ 25ನೆಯ ಅನುಚ್ಛೇದದಲ್ಲಿದೆ. 1977ರಲ್ಲಿ ಸ್ಟಾನಿಸ್ಲಾಸ್ ಮೊಕದ್ದಮೆಯ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಪ್ರಸಾರವೆಂದರೆ ತನ್ನ ಧರ್ಮದ ತತ್ತ್ವಗಳನ್ನು ವಿವರಿಸಿ ಹರಡುವ ಹಕ್ಕೇ ಹೊರತು ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ ಎಂದು ಗೆರೆ ಎಳೆಯಿತು. ಬಲಾತ್ಕಾರ, ವಂಚನೆ, ಆಮಿಷಗಳಿಂದಾಗುವ ಮತಾಂತರವನ್ನು ನಿಷೇಧಿಸುವ ಕಾಯಿದೆಯನ್ನು ಕರ್ನಾಟಕವೂ 2022ರಲ್ಲಿ ಮಾಡಿತು. ಅದನ್ನು ರದ್ದುಪಡಿಸಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ನಿರ್ಧರಿಸಿತು. ಕಾಯಿದೆಗಳ ಯುಕ್ತಾಯುಕ್ತತೆ ಬೇರೆಯೇ ಒಂದು ಚರ್ಚೆ. ಒಂದು ಮಾತನ್ನಂತೂ ಹೇಳಬಹುದು: ಕಾನೂನು ಮಾತಿಗೆ ಎಲ್ಲೆ ಕಟ್ಟಬಲ್ಲದು, ಮಾತಿಗೆ ಸೌಜನ್ಯವನ್ನು ತುಂಬಲಾರದು.

ಆ ಸೌಜನ್ಯದ ಗುಟ್ಟು ಕ್ರೈಸ್ತರೇ ಬಳಸುವ ಒಂದು ಪದದಲ್ಲಿ ಅಡಗಿದೆ. ನಂಬಿಕೆಯನ್ನು ಹಂಚಿಕೊಳ್ಳುವುದಕ್ಕೆ ಅವರು 'ಸಾಕ್ಷಿ ಹೇಳುವುದು' ಎನ್ನುತ್ತಾರೆ. ಹೊಸ ಒಡಂಬಡಿಕೆಯ ಮೂಲಭಾಷೆಯಾದ ಗ್ರೀಕಿನಲ್ಲಿ ಸಾಕ್ಷಿಗೆ ಇರುವ ಪದವೇ ಮುಂದೆ ನಂಬಿಕೆಗಾಗಿ ಪ್ರಾಣ ಕೊಟ್ಟವನಿಗೂ ಹೆಸರಾಯಿತು. ಸಾಕ್ಷಿಯಾದವನು ತಾನು ಕಂಡದ್ದನ್ನು, ಕಂಡಷ್ಟನ್ನು ಹೇಳಬೇಕು. ಪಾಟೀಸವಾಲಿಗೆ ಒಡ್ಡಿಕೊಳ್ಳಬೇಕು. ತೀರ್ಪು ಬರೆಯುವ ಅಧಿಕಾರ ಅವನಿಗಿಲ್ಲ, ಅದು ಕೇಳಿದವನದು. ಹಣ ಪಡೆದು ಹೇಳುವ ಸಾಕ್ಷಿಯೂ ಹಣ ಚೆಲ್ಲಿ ನಂಬಿಸುವ ಸಾಕ್ಷಿಯೂ ಸಮಾನವಾಗಿ ಸುಳ್ಳುಸಾಕ್ಷಿಗಳು. ಪೇತ್ರನ ಮೊದಲನೆಯ ಪತ್ರಿಕೆಯಲ್ಲಿ, ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳಿದವರಿಗೆ ಸೌಮ್ಯವಾಗಿ ಉತ್ತರ ಹೇಳಲು ಸಿದ್ಧರಾಗಿರಿ ಎಂಬ ಅರ್ಥದ ಬುದ್ಧಿವಾದವಿದೆ. ಉತ್ತರಕ್ಕೆ ಮೊದಲು ಪ್ರಶ್ನೆಯೊಂದು ಏಳಬೇಕಲ್ಲವೆ? ನೆರೆಯವನಲ್ಲಿ ಆ ಪ್ರಶ್ನೆಯನ್ನು ಏಳಿಸುವಂತಹ ಬಾಳು ಇಲ್ಲದಿದ್ದರೆ ಉತ್ತರಕ್ಕೆ ಎಡೆಯೆಲ್ಲಿ?

ಯೋಹಾನನ ಸುವಾರ್ತೆಯಲ್ಲಿ ಸಮಾರ್ಯದ ಹೆಂಗಸಿನ ಪ್ರಸಂಗ ಬರುತ್ತದೆ. ಮಧ್ಯಾಹ್ನದ ಹೊತ್ತು ಬಾವಿಯ ಬಳಿ ಕುಳಿತ ಯೇಸು ಆಕೆಯೊಡನೆ ಉಪದೇಶದಿಂದ ಮಾತು ತೆಗೆಯುವುದಿಲ್ಲ. ಕುಡಿಯಲು ನೀರು ಕೇಳುತ್ತಾನೆ. ಯೆಹೂದ್ಯರು ಸಮಾರ್ಯದವರೊಡನೆ ಬಳಕೆಯನ್ನೇ ಇಟ್ಟುಕೊಳ್ಳದಿದ್ದ ಕಾಲದಲ್ಲಿ, ಕೊಡಬಂದವನು ಮೊದಲು ಬೇಡುವವನಾಗುತ್ತಾನೆ. ಬಾವಿ, ಕೊಡ, ಮೈಲಿಗೆ ಎಂಬ ಮಾತುಗಳ ಭಾರವನ್ನು ಬಲ್ಲ ನಮ್ಮ ದೇಶದ ಓದುಗನಿಗೆ ಈ ಪ್ರಸಂಗದ ಹಿರಿಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಹೆಂಗಸು ಕೊಡವನ್ನು ಅಲ್ಲೇ ಬಿಟ್ಟು ಊರಿಗೆ ಓಡಿ, ಬಂದು ನೋಡಿರೆಂದು ಜನರನ್ನು ಕರೆಯುತ್ತಾಳೆ. ಕಡೆಗೆ ಊರವರು ಆಕೆಗೆ ಹೇಳುವುದೇನು? ಈಗ ನಾವು ನಂಬುವುದು ನಿನ್ನ ಮಾತಿನಿಂದಲ್ಲ, ನಾವೇ ಕೇಳಿದೆವು ಎಂದು. ಸಾಕ್ಷಿಯ ಕೆಲಸ ಅಲ್ಲಿಗೆ ಮುಗಿಯಿತು.

ಕನ್ನಡನಾಡಿನಲ್ಲಿ ಇದರ ನಿದರ್ಶನವನ್ನು ಹುಡುಕಿದರೆ ಬಾಸೆಲ್ ಮಿಷನ್ನಿನ ಚರಿತ್ರೆ ಕಣ್ಣಿಗೆ ಬೀಳುತ್ತದೆ. ಅದರ ಮೊದಲ ಮೂವರು ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಹೇಳಬಂದವರಿಗೆ, ಕೇಳುವುದನ್ನು ಕಲಿಯದೆ ಹೇಳುವುದು ಸಾಧ್ಯವಾಗಲಿಲ್ಲ. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್, ಮುಂದೆ ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚಿಗೆ ತಂದ. ಫರ್ಡಿನಾಂಡ್ ಕಿಟೆಲ್ ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಬರೆದ. 'ಶಬ್ದಮಣಿದರ್ಪಣ', 'ಛಂದೋಂಬುಧಿ'ಗಳನ್ನು ಸಂಪಾದಿಸಿದ. 1894ರಲ್ಲಿ ತನ್ನ ಮಹಾಕೋಶವನ್ನು ಪ್ರಕಟಿಸಿದ. ಕ್ರೈಸ್ತರಾಗದ ಲಕ್ಷಾಂತರ ಕನ್ನಡಿಗರು ಇಂದಿಗೂ ಆ ಹೆಸರನ್ನು ಕೃತಜ್ಞತೆಯಿಂದ ನೆನೆಯುತ್ತಾರೆ. ಯಾರ ನಡುವೆ ಸಾರಬಂದನೋ ಅವರ ನುಡಿಗೇ ಶಿಷ್ಯನಾದವನಿಗೆ ಸಂದ ಗೌರವವದು.

ಈ ಚರಿತ್ರೆಗೆ ಇನ್ನೊಂದು ಮುಖವೂ ಉಂಟು. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣ ದೀಕ್ಷಾಸ್ನಾನ ಹೊಂದಿದಾಗ ಮಂಗಳೂರಿನಲ್ಲಿ ಕೋಲಾಹಲವೆದ್ದಿತು. ಮತ ಬಿಟ್ಟವನು ಕುಲವನ್ನೂ ಕಸುಬನ್ನೂ ಕಳೆದುಕೊಳ್ಳುತ್ತಿದ್ದ ಕಾಲ ಅದು. ಅಂಥವರ ಅನ್ನಕ್ಕೆ ದಾರಿಯಾಗಿ ಮಿಷನ್ನು ನೇಯ್ಗೆಯ ಕಾರ್ಖಾನೆಗಳನ್ನೂ 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆಯನ್ನೂ ತೆರೆಯಿತು. ಕರುಣೆಯಿಂದ ಹುಟ್ಟಿದ ಕೆಲಸವದು, ನಾಡಿಗೆ ಉಪಕಾರವೂ ಆಯಿತು. ಆದರೆ ಅನ್ನ ಕೊಡುವ ಕೈಯೂ ಧರ್ಮ ಹೇಳುವ ಬಾಯಿಯೂ ಒಂದೇ ಆದಾಗ, ಕೇಳುವವನ ಒಪ್ಪಿಗೆ ಯಾವುದಕ್ಕೆ ಸಂದಿತೆಂದು ಬಿಡಿಸುವುದು ಕಷ್ಟ. ಶಂಕೆಯ ಬೇರು ಇಲ್ಲಿದೆ. ಅದನ್ನು ಬರಿಯ ದ್ವೇಷವೆಂದು ತಳ್ಳಿಹಾಕಲಾಗದು.

ಗಾಂಧೀಜಿ ಈ ವಿಷಯದಲ್ಲಿ ಗುಲಾಬಿಯ ಉಪಮೆ ಕೊಡುತ್ತಿದ್ದರು: ಹೂವಿಗೆ ಉಪದೇಶ ಬೇಕಿಲ್ಲ, ಪರಿಮಳ ಸಾಕು. ಸುಂದರವಾದ ಮಾತು, ಆದರೆ ಪೂರ್ಣವಾದ ಮಾತಲ್ಲ. ಹೂವಿಗೆ ನಾಲಗೆಯಿಲ್ಲ, ಮನುಷ್ಯನಿಗಿದೆ. ಗಾಂಧೀಜಿಯೇ ತಾವು ನಂಬಿದ ಸತ್ಯವನ್ನು ಜೀವಮಾನವೆಲ್ಲ ಆಡಿದರು, ಬರೆದರು. ಪರಿಮಳವಿಲ್ಲದ ಉಪದೇಶ ಬೇಡವೆಂದು ಆ ಉಪಮೆಯನ್ನು ತಿಳಿದರೆ ಸರಿಹೋಗುತ್ತದೆ. ಅವರೊಡನೆ ಚರ್ಚಿಸಿದ್ದ ಅಮೆರಿಕದ ಪಾದ್ರಿ ಸ್ಟಾನ್ಲಿ ಜೋನ್ಸ್ ಈ ದೇಶದಲ್ಲಿ ದುಂಡುಮೇಜಿನ ಗೋಷ್ಠಿಗಳನ್ನು ನಡೆಸಿದ. ಅಲ್ಲಿ ನಾನಾ ಮತದವರು ಕಲೆತು, ವಾದ ಬಿಟ್ಟು, ತಮ್ಮ ತಮ್ಮ ಧರ್ಮ ಅನುಭವದಲ್ಲಿ ತಮಗೆ ಏನು ಕೊಟ್ಟಿದೆಯೆಂದು ಹೇಳಿಕೊಳ್ಳುತ್ತಿದ್ದರು. ಹೇಳುವ ಸರದಿ ಎಲ್ಲರಿಗೂ ಇತ್ತು. ಕೇಳುವ ಸರದಿಯೂ ಎಲ್ಲರಿಗೂ ಇತ್ತು.

ಇಂದಿನ ನಿತ್ಯಜೀವನಕ್ಕೆ ಇದರಿಂದ ಒಂದು ಸರಳವಾದ ಒರೆಗಲ್ಲು ದೊರೆಯುತ್ತದೆ: ಕೇಳುವವನಿಗೆ ಎದ್ದುಹೋಗುವ ಸ್ವಾತಂತ್ರ್ಯವಿದೆಯೆ? ಕಾಲೇಜಿನ ವಿದ್ಯಾರ್ಥಿನಿಲಯದಲ್ಲಿ ಸರೀಕರಾದ ಇಬ್ಬರು ಗೆಳೆಯರು ರಾತ್ರಿಯೆಲ್ಲ ದೇವರ ವಿಷಯ ವಾದಿಸಲಿ. ಬೇಸರವಾದವನು ಮುಸುಕೆಳೆದು ಮಲಗಬಹುದು. ಆದರೆ ತರಗತಿಯ ವಿದ್ಯಾರ್ಥಿ ಅಧ್ಯಾಪಕನೆದುರಿನಿಂದ ಏಳಲಾರ. ರೋಗಿ ಹಾಸಿಗೆಯಿಂದ ಏಳಲಾರ. ಕೆಳಗಿನ ನೌಕರ ಅಧಿಕಾರಿಯ ಕೊಠಡಿಯಿಂದ ಏಳಲಾರ. ಅಂಥ ಎಡೆಯಲ್ಲಿ ಅತ್ಯಂತ ಮೃದುವಾದ ಮಾತೂ ಒತ್ತಾಯವೇ ಆಗುತ್ತದೆ. ಅಲ್ಲಿ ಕ್ರೈಸ್ತ ದಾದಿಯ ಸಾಕ್ಷಿಯೆಂದರೆ ಬೇಸರವಿಲ್ಲದೆ ಗಾಯ ತೊಳೆಯುವುದು. ಅಧ್ಯಾಪಕನದು ಪಕ್ಷಪಾತವಿಲ್ಲದೆ ಅಂಕ ಕೊಡುವುದು. ಮೊಬೈಲಿನಲ್ಲಿ ಬೆಳಗಾಗೆದ್ದು ನೂರು ಮಂದಿಗೆ ಒಂದೇ ವಾಕ್ಯವನ್ನು ರವಾನಿಸುವುದೂ ಸಾಕ್ಷಿಯಾಗದು. ಅಲ್ಲಿ ಕೇಳುವವನ ಮುಖವಿಲ್ಲ, ಮರುಪ್ರಶ್ನೆಗೆ ಅವಕಾಶವಿಲ್ಲ.

ಮಾತಾಡುವ ಹಕ್ಕನ್ನು ಬಯಸುವ ಕ್ರೈಸ್ತನು ಕಿವಿಯನ್ನೂ ಕೊಡಬೇಕು. ಲಿಂಗಾಯತ ಗೆಳೆಯ ತನ್ನ ಇಷ್ಟಲಿಂಗಪೂಜೆಯ ಅರ್ಥವನ್ನೂ, ಮುಸಲ್ಮಾನ ನೆರೆಯವನು ರಂಜಾನಿನ ಉಪವಾಸದ ಅರ್ಥವನ್ನೂ ವಿವರಿಸಿದಾಗ, ತನ್ನ ಸರದಿಗಾಗಿ ಕಾಯುತ್ತ ಕುಳಿತಿರದೆ ಮನಸ್ಸಿಟ್ಟು ಕೇಳಬೇಕು. ಹಾಗೆಯೇ ಬಹುಸಂಖ್ಯಾತರ ಮೇಲೂ ಒಂದು ಹೊಣೆಯಿದೆ. ಕೇಳುವುದೆಂದರೆ ಒಪ್ಪುವುದಲ್ಲ. ನೆರೆಯವನ ನಂಬಿಕೆಯನ್ನು ಹತ್ತು ನಿಮಿಷ ಕೇಳಿದ ಮಾತ್ರಕ್ಕೆ ನಮ್ಮದು ಅಲುಗುವುದಾದರೆ ದೋಷ ನೆರೆಯವನದಲ್ಲ. ಹೇಳಿದವನನ್ನು ಹೆದರಿಸಿ ಬಾಯಿ ಮುಚ್ಚಿಸಿದಾಗ ನಾವು ಕಾಪಾಡಿಕೊಳ್ಳುವುದು ನಮ್ಮ ಧರ್ಮವನ್ನಲ್ಲ, ನಮ್ಮ ಅಜ್ಞಾನವನ್ನು.

ಧರ್ಮದ ಮಾತು ನಿಂತ ಊರಿನಲ್ಲಿ ಧರ್ಮದ ಜಗಳ ನಿಲ್ಲುವುದೆಂದು ಭಾವಿಸುವವರಿದ್ದಾರೆ. ಅನುಭವ ಬೇರೆ ಹೇಳುತ್ತದೆ. ಮುಖಾಮುಖಿ ಮಾತು ನಿಂತಲ್ಲಿ ವದಂತಿ ಬಾಯಿ ತೆರೆಯುತ್ತದೆ. ನೆರೆಯವನು ಏನು ನಂಬುತ್ತಾನೆಂಬುದನ್ನು ಅವನ ಬಾಯಿಂದಲೇ ಕೇಳುವುದು ಮೇಲು. ಅವನಾದರೂ ಅದನ್ನು ಅಂಜಿಕೆಯೂ ಆಮಿಷವೂ ಇಲ್ಲದೆ ಹೇಳಿ, ತೀರ್ಪನ್ನು ನಮಗೆ ಬಿಟ್ಟು, ನಮ್ಮೊಡನೆ ಕುಳಿತು ಕಾಫಿ ಕುಡಿದು ಹೋಗುವಂತಿರಬೇಕು.