ಖಡೇ ಬಜಾರದಾಗ ‘ಭೈಯಾ’ ಅನ್ನಬ್ಯಾಡ್ರಿ

1/7

ಖಡೇ ಬಜಾರದ ಯಾವುದೇ ಅಂಗಡಿ ಮೆಟ್ಟಿಲು ಹತ್ತಿದ ಕೂಡಲೇ ನಮ್ಮ ಕ್ಲಾಸಿನವರ ಬಾಯಿಂದ ಬರೋ ಮೊದಲ ಮಾತು ಯಾವುದು ಹೇಳ್ರಿ?

"ಭೈಯಾ, ಯೇ ಕಿತನೇ ಕಾ ಹೈ?"

ಕೇಳೋ ಹುಡುಗಿ ಊರು ಕಿತ್ತೂರು. ಗಲ್ಲಾ ಹಿಂದ ಕುಂತಿರೋ ‘ಭೈಯಾ’ನ ಊರು ಬೈಲಹೊಂಗಲ. ಇಬ್ಬರ ಮನ್ಯಾಗೂ ಕನ್ನಡ. ವ್ಯವಹಾರ ಮಾತ್ರ ಹಿಂದಿಯೊಳಗ, ಅದೂ ಇಬ್ಬರಿಗೂ ನೆಟ್ಟಗ ಬಾರದ ಹಿಂದಿಯೊಳಗ. ನೋಡಾಕ ಮಜಾ ಇರ್ತದ ಖರೆ, ಆದ್ರ ನನಗ ಈಗೀಗ ನಗು ಬರವಲ್ದು. ಈ ಊರು ಯಾರದು ಅಂತ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದೆ, ಕೇಸ್ ಅಲ್ಲೇ ಐತಿ. ನಾವು ಅದೇ ಊರಿನ ನಟ್ಟ ನಡುವಿನ ರಸ್ತೆಯೊಳಗ ನಮ್ಮ ಭಾಷಾ ಕಿಸೆದಾಗ ಇಟ್ಕೊಂಡು ಅಡ್ಡಾಡ್ತೀವಿ.

ನನ್ನ ವಾದ ಇಷ್ಟ: ಖಡೇ ಬಜಾರದ ಕನ್ನಡವನ್ನು ಇಷ್ಟು ದಿನ ಉಳಿಸಿದವರು ಹಳ್ಳಿಯಿಂದ ಬಂದ ಗಿರಾಕಿಗಳು. ಈಗ ಆ ಗಿರಾಕಿ ನೀವು.

(ಹೊಸದಾಗಿ ಫಾಲೋ ಮಾಡಿದವರಿಗೆ: ನಮ್ಮೂರು ಬೀಡಿ. ಸೇದೋ ಬೀಡಿ ಅಲ್ಲ, ಖಾನಾಪುರ ತಾಲೂಕಿನ ಬೀಡಿ. ಈ ಜೋಕು ಪಿಯುಸಿಯಿಂದ ಕೇಳೀನಿ, ಕಮೆಂಟಿನಾಗ ಮತ್ತ ಬ್ಯಾಡ.)

2/7

ಎರಡನೇ ಫೋಟೋ ನೋಡ್ರಿ. ಬೆಳಿಗ್ಗೆ ಒಂಬತ್ತು ಗಂಟೆ, ಶಟರ್ ಇನ್ನೂ ಅರ್ಧ ಏರ್ಯಾವ. ಈ ರಸ್ತೆ ಖಾಲಿ ಕಾಣೋದು ಇದೊಂದೇ ಹೊತ್ತು. ಖಡೇ ಅಂದ್ರ ನಿಂತದ್ದು. ದೀಪಾವಳಿ ಮುಂದಿನ ವಾರ ಬಂದ್ರ ಹೆಸರು ಬರೋಬ್ಬರಿ ಐತಿ ಅನಸ್ತದ, ಕಾಲು ಎತ್ತಿ ಇಡಾಕ ಜಾಗ ಇಲ್ಲದ ನಿಂತಲ್ಲೇ ನಿಂತಿರಬೇಕು. ರಂಜಾನ್ ರಾತ್ರಿಗಳದ್ದು ಬೇರೇನ ಕಥಿ.

ರಸ್ತೆ ನೋಡೋಕಿಂತ ಸುತ್ತಮುತ್ತಲ ಹೆಸರು ಓದ್ರಿ. ಗಣಪತ ಗಲ್ಲಿ, ಮಾರುತಿ ಗಲ್ಲಿ, ಭೇಂಡಿ ಬಜಾರ, ದರ್ಬಾರ ಗಲ್ಲಿ, ಖಂಜರ ಗಲ್ಲಿ, ಸಮಾದೇವಿ ಗಲ್ಲಿ, ರಾಮದೇವ ಗಲ್ಲಿ, ಜಾಲಗಾರ ಗಲ್ಲಿ. ಜಾಲಗಾರರು ಅಂದ್ರ ಅಕ್ಕಸಾಲಿಗರ ಅಂಗಡಿಯ ಧೂಳು, ಬೂದಿ ತೊಳೆದು ಅದರೊಳಗಿನ ಬಂಗಾರದ ಕಣ ಹೆಕ್ಕುತ್ತಿದ್ದ ಮಂದಿ. ನಮ್ಮ ಕಾಸ್ಟ್ ಅಕೌಂಟಿಂಗ್ ಪುಸ್ತಕದಾಗ ‘ಸ್ಕ್ರ್ಯಾಪ್’ ಅಂತ ಒಂದು ಪ್ಯಾರಾ ಬರ್ತದಲ್ಲ, ಎಲ್ಲರೂ ಸ್ಕಿಪ್ ಮಾಡೋದು, ಇಲ್ಲಿ ಆ ಪ್ಯಾರಾಕ್ಕ ಒಂದು ಇಡೀ ಗಲ್ಲಿ ಐತಿ.

ಚೌಕಗಳ ಹೆಸರು ಇನ್ನೂ ಚಲೋ. ನರಗುಂದಕರ ಭಾವೆ ಚೌಕ ಅಂದ್ರ ನರಗುಂದದ ಬಾಬಾಸಾಹೇಬ, ಭಾಸ್ಕರರಾವ ಭಾವೆ. ಮನೆತನ ಮರಾಠಿಯದು, ಆಳಿದ ಪ್ರಜೆ ಕನ್ನಡದವರು. 1858ರ ಬಂಡಾಯದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಸುರೇಬಾನದಲ್ಲಿ ಹತನಾದ. ಅದೇ ವರ್ಷ ಜೂನ್ 12ರಂದು ಬಾಬಾಸಾಹೇಬರನ್ನು ಇದೇ ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅವರು ‘ನಮ್ಮವರೋ ನಿಮ್ಮವರೋ’ ಅಂತ ಆ ಚೌಕದಾಗ ನಿಂತು ಜಗಳ ಮಾಡಿದವರನ್ನ ನಾ ಇನ್ನೂ ನೋಡಿಲ್ಲ. ಗಣಪತಿ ಮೆರವಣಿಗೆ ಹಾದಿಯೊಳಗ ಬರೋದು ಹೇಮೂ ಕಲಾನಿ ಚೌಕ. ಹೇಮೂ ಸಿಂಧಿ ಹುಡುಗ. 1943ರ ಜನವರಿಯಲ್ಲಿ ಸಿಂಧ್ ಪ್ರಾಂತ್ಯದ ಸಕ್ಕರ್‌ನಲ್ಲಿ ಗಲ್ಲಿಗೇರಿದಾಗ ವಯಸ್ಸು 19. ನಮಗಿಂತ ಒಂದು ವರ್ಷ ಸಣ್ಣವ. ಈಗ ಪಾಕಿಸ್ತಾನದಾಗಿರೋ ಊರಿನ ಹುಡುಗನ ಹೆಸರು ಹೇಳಿ ನಾವು ಆಟೋ ನಿಲ್ಲಿಸ್ತೀವಿ.

ಇನ್ನೊಂದು ಗೊತ್ತಿರಲಿ: ಬೆಳಗಾವಿಯೊಳಗ ಖಡೇ ಬಜಾರ ಎರಡು ಅದಾವ. ಈಗಿನ ಕಪಿಲೇಶ್ವರ ಮೇಲ್ಸೇತುವೆ ದಾಟಿ ಹ್ವಾದ್ರ ಶಹಾಪುರದ ಖಡೇ ಬಜಾರ. ಸ್ವಾತಂತ್ರ್ಯ ಬರೋತನಕ ಶಹಾಪುರ ಸಾಂಗಲಿ ಸಂಸ್ಥಾನದ್ದು, ಈ ಕಡೆಯದು ಬ್ರಿಟಿಷರದ್ದು. ಅಂದ್ರ ಒಂದೇ ಊರಿನಾಗ ಪೇಟೆ ಎರಡು, ಸರಕಾರ ಎರಡು. ನೇಕಾರರು, ಸರಾಫರು ಆ ಕಡೆ ಹೆಚ್ಚು. ಮಂದಿ ಆಗೂ ಎರಡೂ ಕಡೆ ಸಂತಿ ಮಾಡ್ತಿದ್ರು.

3/7

ಈಗ ಜನರ ಮಾತಿಗೆ ಬರೂನು.

ಹ್ವಾದ ವರ್ಷ ನಮ್ಮ ಚಿಕ್ಕಪ್ಪನ ಮಗಳ ಮದುವಿ. ಹುಡುಗನ ಮನಿ ಖಾನಾಪುರ ಪ್ಯಾಟಿ, ಮನ್ಯಾಗ ಮರಾಠಿ. ನಾವು ‘ಜವಳಿ ತಗಿಯಾಕ’ ಹೊಂಟ್ವಿ, ಅವರು ‘ಬಸ್ತಾ’ ಮಾಡಾಕ ಬಂದ್ರು. ಎರಡೂ ಒಂದೇ, ಇಪ್ಪತ್ತು ಮಂದಿ ಒಂದು ಟೆಂಪೋದಾಗ. ಖಡೇ ಬಜಾರದ ಒಂದು ಹಳೇ ಅರಿವಿ ಅಂಗಡಿ, ಬಿಳಿ ಗಾದಿ ಹಾಸಿದ್ದು, ಚಪ್ಪಲಿ ಹೊರಗ. ಮಾಲೀಕರು ಮಾರವಾಡಿ.

ಅವರನ್ನ ನಾ ಮೂರು ತಾಸು ನೋಡಿದೆ. ನಮ್ಮ ಅಜ್ಜಿಗೆ: "ಅವ್ವಾರ, ಇಳಕಲ್ ಬೇಕೋ, ಸಾದಾ ತೋರಸ್ಲೋ? ಬಣ್ಣ ಹೋದ್ರ ಸೀರಿ ತಂದು ನನ್ನ ಮುಖಕ್ಕ ಒಗೀರಿ." ಬೀಗತಿಗೆ ಅದೇ ಉಸಿರಿನಾಗ ಮರಾಠಿ, ‘ವಹಿನಿ’ ಅಂತ. ಸೀರಿ ಬಿಚ್ಚಿ ತೋರಿಸೋ ಹುಡುಗಗ ಉರ್ದು. ಫೋನಿನ್ಯಾಗ ಮಾರವಾಡಿ. ಲೆಕ್ಕ ಮಾಡುವಾಗ ಬಾಯೊಳಗ ಬಂದದ್ದು ಯಾವುದೋ, ಅದು ಅವರಿಗಷ್ಟ ಗೊತ್ತು. ನಮ್ಮ ಅಜ್ಜಿ ಮಳಿ ಬಂದಿಲ್ಲ, ಎಮ್ಮಿ ಹಾಲು ಕೊಡವಲ್ದು, ಹುಡುಗಿ ಅಪ್ಪಗ ಸಾಲ ಐತಿ ಅಂತೆಲ್ಲ ಹೇಳಿ ರೇಟು ಇಳಿಸಿದಳು. ಹಿಂದಿಯೊಳಗ ಈ ಕೆಲಸ ಆಗ್ತಿತ್ತೇನು? ಎಮ್ಮಿ ಹಾಲು ಕೊಡವಲ್ದು ಅನ್ನೋದನ್ನ ಹಿಂದಿಯೊಳಗ ಅಳು ಬರೋಹಂಗ ಹೇಳಿ ತೋರಸ್ರಿ ನೋಡೂನು.

ಆದ್ರ ನನ್ನ ತಮ್ಮಂದಿರ ಜೋಡಿ ಮಾತ್ರ ಅವರು ಹಿಂದಿ ಮಾತಾಡಿದ್ರು. ಯಾಕಂದ್ರ ತಮ್ಮಂದಿರು ಮೆಟ್ಟಿಲಿನ ಮ್ಯಾಲೇ ‘ಭೈಯಾ’ ಅಂದಿದ್ರು. ಬಿಲ್ ಆದ ಮ್ಯಾಲೆ ಚಹಾ ಬಂತು, ನಾ ಕೇಳಿದೆ: ಕಾಕಾ, ಇಷ್ಟು ಚಲೋ ಕನ್ನಡ ಎಲ್ಲಿ ಕಲ್ತ್ರಿ?

"ಸಾಲ್ಯಾಗ ಅಲ್ಲಪಾ. ಕಿತ್ತೂರ, ಸವದತ್ತಿ, ಬೈಲಹೊಂಗಲದ ಗಿರಾಕಿ ಕಲಿಸಿದ್ರು. ನಮ್ಮಪ್ಪ ನನಗ ಮೊದಲ ಕನ್ನಡ ಅಂಕಿ ಕಲಿಸಿ ಆಮ್ಯಾಲ ಗಾದಿ ಮ್ಯಾಲ ಕುಂಡ್ರಿಸಿದ. ಈಗ ನನ್ನ ಮಗಗ ಕಲಿ ಅಂದ್ರ, ಪಪ್ಪಾ, ಕಾಲೇಜ ಹುಡುಗ್ರೆಲ್ಲ ಹಿಂದೀನ ಮಾತಾಡ್ತಾರಲ್ಲ, ಯಾಕ ಬೇಕು ಅಂತಾನ."

ಆ ಮಗಗ ಏನಂತ ಉತ್ತರ ಕೊಡ್ತೀರಿ? ಅವ ಹೇಳೋದು ತಪ್ಪೇನಿಲ್ಲ. ಡಿಮ್ಯಾಂಡ್ ಇಲ್ಲದ ಮಾಲು ಯಾರು ಇಡ್ತಾರ?

4/7

ಬೋರ್ಡಿನ ವಿಷಯ. 2024ರಲ್ಲಿ ತಿದ್ದುಪಡಿಯಾದ ಕಾನೂನಿನ ಪ್ರಕಾರ ಅಂಗಡಿ ನಾಮಫಲಕದ 60% ಕನ್ನಡದಲ್ಲಿರಬೇಕು. ನಾನು ಇದಕ್ಕ ವಿರೋಧಿ ಅಲ್ಲ, ಇರಲಿ. ಸಹಿ ಮಾಡೋಷ್ಟು ಕನ್ನಡ ಕಲಿತ ನಮ್ಮ ಅಜ್ಜಿ ಅಂಥವರಿಗೆ ಬೋರ್ಡು ಓದೋ ಹಕ್ಕು ಐತಿ. ಆದ್ರ ಬೋರ್ಡಿನ ಅಳತಿ ತಗಿಯೋ ಉತ್ಸಾಹ ಅಂಗಡಿ ಒಳಗ ಹೋಗೋತನಕ ಉಳಿಯೂದಿಲ್ಲ. ಹೊರಗ 60% ಕನ್ನಡ, ಒಳಗ ಕೌಂಟರಿನಾಗ ಸೊನ್ನೆ. ಆ ಸೊನ್ನೆಗೆ ಕಾನೂನು ಇಲ್ಲ, ಅದು ಗಿರಾಕಿ ಕೈಯಾಗ ಇರೋದು.

5/7

2025ರ ಫೆಬ್ರವರಿ ನೆನಪೈತಲ್ಲ? ಸುಳೇಭಾವಿ, ಬಾಳೇಕುಂದ್ರಿ ಕಡೆ ಹೊಂಟಿದ್ದ ಬಸ್ಸಿನ ಕಂಡಕ್ಟರ್ ಮೇಲೆ ಮರಾಠಿ ಮಾತಾಡಲಿಲ್ಲ ಅನ್ನೋ ಕಾರಣಕ್ಕೆ ಹಲ್ಲೆ ಆತು. ಎರಡೂ ರಾಜ್ಯದ ನಡುವಿನ ಬಸ್ ನಿಂತವು, ಮಾರ್ಚ್ 22ಕ್ಕ ಕರ್ನಾಟಕ ಬಂದ್. ಆ ದಿನಗಳಾಗ ನಮ್ಮ ಕ್ಲಾಸ್ ಗ್ರೂಪಿನಾಗ ಏನೇನು ಫಾರ್ವರ್ಡ್ ಆತು ಅಂತ ನಿಮಗೂ ಗೊತ್ತು. ಮೊದಲಿಂದ ಒಂದೇ ಬೆಂಚಿನ ಮ್ಯಾಲ ಕುಂಡ್ರೋ ಇಬ್ಬರು ಒಂದು ವಾರ ಬೇರೆ ಬೇರೆ ಬೆಂಚಿಗೆ ಹ್ವಾದ್ರು.

ಹಲ್ಲೆ ತಪ್ಪು. ಅದಕ್ಕ ‘ಆದ್ರ’ ಇಲ್ಲ. ದುಡಿಯೋ ಮನುಷ್ಯ ತನ್ನ ಊರಿನಾಗ ತನ್ನ ಭಾಷಾ ಆಡಿದ್ದಕ್ಕ ಹೊಡತ ತಿನ್ನಬಾರದು. ನನಗ ತಡಿಯಾಕ ಆಗದೇ ಇದ್ದದ್ದು ಇನ್ನೊಂದು: ಅದ ಸುಳೇಭಾವಿಯಾಗ 1924ರಲ್ಲಿ ಕುಮಾರ ಗಂಧರ್ವರು ಹುಟ್ಟಿದ್ದು. ಕನ್ನಡ ಮನಿಯ ಹುಡುಗ, ಮುಂದ ಮರಾಠಿ ಮಂದಿ ಅವರನ್ನ ತಲಿ ಮ್ಯಾಲ ಹೊತ್ತು ಕುಣಿದ್ರು. ಬೆಳಗಾವಿಯೊಳಗ ಅವರ ಹೆಸರಿನ ರಂಗಮಂದಿರ ಐತಿ, ನಮ್ಮ ಎಷ್ಟೋ ಕಾಲೇಜಿನ ಕಾರ್ಯಕ್ರಮ ಆಗೋದು ಅಲ್ಲೇ.

ಜಗಳದ ವಾರದಾಗೂ ಗಣಪತ ಗಲ್ಲಿಯ ಕಾಯಿಪಲ್ಯೆ ಮಾರೋ ಮೌಶಿ ನನಗ "ತಮ್ಮಾ, ಮೆಂತೆ ಒಯ್ಯೋ, ಇಪ್ಪತ್ತಕ್ಕ ಎರಡು" ಅಂದಳು. ನಾ "ದ್ಯಾ ಮೌಶಿ" ಅಂದೆ. ಆಕಿ ನನ್ನ ಭಾಷಾದಾಗ ಮಾರಿದಳು, ನಾ ಆಕಿ ಭಾಷಾದಾಗ ಕೊಂಡೆ. ಟಿವಿಯವರು ಇದನ್ನ ಯಾಕ ತೋರಸ್ತಾರ, ಮೆಂತೆ ಸುದ್ದಿಗೆ ಟಿಆರ್‌ಪಿ ಇಲ್ಲ.

6/7

‘ಆನ್‌ಲೈನ್‌ನಾಗ ಸಿಗ್ತದಲ್ಲೋ, ಖಡೇ ಬಜಾರದಾಗ ಪಾರ್ಕಿಂಗ್ ಇಲ್ಲ’ ಅಂತೀರಿ. ಪಾರ್ಕಿಂಗ್ ಇಲ್ಲ ಅನ್ನೋದು ಖರೆ. ಆದ್ರ ಒಂದು ಹಳೇ ಲೆಕ್ಕ ಕೇಳ್ರಿ.

ರಾಮದೇವ ಗಲ್ಲಿ ಬಾಜೂಕ ಕಿರ್ಲೋಸ್ಕರ ರೋಡ್ ಐತಿ, ಆರನೇ ಫೋಟೋ. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯೊಳಗ ಸೈಕಲ್ ಅಂಗಡಿ ಇಟ್ಟರು. ಅಲ್ಲಿಂದ ಮೇವು ಕತ್ತರಿಸೋ ಯಂತ್ರ, ಕಬ್ಬಿಣದ ನೇಗಿಲು. ಊರು ಬೆಳೆಸಾಕ ಅವರ ಕಾರ್ಖಾನೆ ಜಾಗ ಬೇಕು ಅಂತ ಪುರಸಭೆ ಹೇಳ್ತು. 1910ರಲ್ಲಿ ಅವರು ಔಂಧ ಸಂಸ್ಥಾನದ ರಾಜರು ಕೊಟ್ಟ ಬರಡು ಜಾಗಕ್ಕ ಹ್ವಾದ್ರು, ಅದು ಕಿರ್ಲೋಸ್ಕರವಾಡಿ ಆತು. ಕೈಗಾರಿಕೆ ಹೋತು, ಊರಿಗೆ ಉಳಿದದ್ದು ರಸ್ತೆಯ ಬೋರ್ಡು.

ಬೋರ್ಡು ಉಳಿದು ವ್ಯಾಪಾರ ಹೋಗೋದು ಹೆಂಗಿರ್ತದ ಅಂತ ಈ ಊರಿಗೆ ನೂರು ವರ್ಷದ ಹಿಂದೇನ ಗೊತ್ತು. ಖಡೇ ಬಜಾರದ ಅರಿವಿ ಅಂಗಡಿ ಒಂದು ಮುಚ್ಚಿದ್ರ ಬರೇ ಅಂಗಡಿ ಮುಚ್ಚೂದಿಲ್ಲ. ಐದು ಭಾಷಾ ಮಾತಾಡೋ ಒಬ್ಬ ಮನುಷ್ಯ ಮನಿಯಾಗ ಕುಂಡ್ರತಾನ. ಮದುವಿ ಮುಂದ ಇದ್ದಾಗ ರೊಕ್ಕ ಸುಗ್ಗಿಗೆ ಕೊಡ್ರಿ ಅಂತ ಉದ್ರಿ ಬರಕೊಳ್ಳೋ ಖಾತೆ ಪುಸ್ತಕ ಬಂದ್ ಆಗ್ತದ. ಮೊಬೈಲ್ ಆ್ಯಪ್ ಕನ್ನಡದಾಗೂ ಇರ್ತದ ನಿಜ, ಆದ್ರ ಅದಕ್ಕ ಅಜ್ಜಿ ಎಮ್ಮಿ ಕಥಿ ಕೇಳಸೂದಿಲ್ಲ.

7/7

ಕಮೆಂಟಿನಾಗ ಬರೋ ಪ್ರಶ್ನೆಗೆ ಈಗಲೇ ಉತ್ತರ.

‘ನಾವು ಕನ್ನಡ ಮಾತಾಡಿದ್ರ ಹಳ್ಳಿಯವರು ಅಂತ ರೇಟ್ ಏರಸ್ತಾರ.’ ಉಲ್ಟಾ. ಹಿಂದಿ ಮಾತಾಡಿದ್ರ ಹೊರಗಿನವರು ಅಂತ ಏರಸ್ತಾರ. ಪ್ರಯೋಗ ಮಾಡಿ ನೋಡ್ರಿ.

‘ಅಂಗಡಿಯವ ಮರಾಠಿಯಾಗ ಉತ್ತರ ಕೊಟ್ರ?’ ಕೊಡ್ಲಿ. ಕೆಲವರು ಬೇಕಂತಲೇ ಕೊಡ್ತಾರ, ಅಂಥವರೂ ಅದಾರ, ಇಲ್ಲ ಅನ್ನೂದಿಲ್ಲ. ನೀವು ಕನ್ನಡದಾಗ ಮುಂದುವರಸ್ರಿ. ಇಬ್ಬರಿಗೂ ತಿಳೀತದ, ಈ ಊರಿನ ಎರಡೂ ಭಾಷಾ ಅಷ್ಟು ದೂರ ಇಲ್ಲ. ಆರ್‌ಪಿಡಿ ಕಾಲೇಜಿನಾಗ ಒಂದು ಕಾಲಕ್ಕ ಪಾಠ ಮಾಡಿದ ಪು. ಲ. ದೇಶಪಾಂಡೆಯವರು ಬೆಳಗಾವಿಯ ರಾವಸಾಹೇಬರ ಬಗ್ಗೆ ಬರೆದದ್ದನ್ನ ನಿಮ್ಮ ಮರಾಠಿ ಗೆಳೆಯರಿಂದ ಓದಿಸಿಕೊಳ್ರಿ. ಕನ್ನಡದ ನಾಟು ಬಿದ್ದ ಆ ಮರಾಠಿ ಕೇಳಿ ಪುಣೆಯವರು ಇವತ್ತಿಗೂ ನಗ್ತಾರ, ನಾವು ಮಾತ್ರ ‘ಇದರಾಗ ನಗೋದೇನೈತಿ, ನಮ್ಮ ಓಣಿಯಾಗ ಎಲ್ಲರೂ ಹಿಂಗ ಮಾತಾಡ್ತಾರ’ ಅಂತೀವಿ.

‘ಹಂಗಾದ್ರ ಉರ್ದು?’ ದರ್ಬಾರ ಗಲ್ಲಿಯ ಉರ್ದು ಈ ಊರಿನದೇ, ಅದರ ಮ್ಯಾಲ ನನ್ನ ತಕರಾರಿಲ್ಲ. ಬರ್ತದಂದ್ರ ಮಾತಾಡ್ರಿ. ತಕರಾರಿರೋದು ವೆಬ್ ಸೀರೀಸಿನಿಂದ ಕಲ್ತು, ಬೈಲಹೊಂಗಲದವನ ಮುಂದ ಉಪಯೋಗಿಸೋ ಹಿಂದಿ ಮ್ಯಾಲ.

ಮರಾಠಿ ಮೀಡಿಯಮ್ಮಿನಿಂದ ಬಂದ ದೋಸ್ತರಿಗೂ ಇದೇ ಮಾತು. ನಿಮ್ಮ ಅಜ್ಜಿ ಬಸ್ತಾಕ್ಕ ಬಂದಾಗ ಮರಾಠಿಯಾಗ ಚೌಕಾಸಿ ಮಾಡ್ತಾಳ, ನೀವು ಯಾಕ ಹಿಂದಿ?

ಬರೋ ಶನಿವಾರ ಕ್ಲಾಸ್ ಮುಗಿಸಿ ನಾಲ್ಕು ಗಂಟೆಗೆ ಶನಿವಾರ ಖೂಟದಾಗ ಕೂಡೂನು. ಅಲ್ಲಿಂದ ಖಡೇ ಬಜಾರ, ಭೇಂಡಿ ಬಜಾರ, ಜಾಲಗಾರ ಗಲ್ಲಿ, ವಾಪಸ್ ಬರುವಾಗ ಕುಂದಾ ನನ್ನ ಕಡೆಯಿಂದ (ಹತ್ತು ಮಂದಿ ತನಕ ಮಾತ್ರ, ನನ್ನ ಕ್ಯಾಶ್ ಬುಕ್ ನನಗ ಗೊತ್ತು). ಪ್ರತಿಯೊಬ್ಬರೂ ಒಂದು ಅಂಗಡಿಗೆ ಹೋಗಿ ಐವತ್ತು ರೂಪಾಯಿಯೊಳಗ ಏನಾದ್ರೂ ಕೊಳ್ಳಬೇಕು, ಮಾತು ಮನಿ ಭಾಷಾದಾಗ. ‘ಭೈಯಾ’ ಅಂದವರು ಎಲ್ಲರಿಗೂ ಚಹಾ ಕುಡಿಸಬೇಕು. ಬರೋರು ಕೆಳಗ ಊರಿನ ಹೆಸರು ಬರೀರಿ. ಬೀಡಿ, ಕಕ್ಕೇರಿ, ನಂದಗಡದವರಿಗೆ ಕೊನೇ ಬಸ್ಸಿನ ಚಿಂತಿ ಇರ್ತದ, ಆರೂವರಿಗೆ ಮುಗಸೂನು.