ನೇಣಿಗೆ ಬೈಬಲ್ಲಿನ ರುಜು ಬೇಡ



ತಪಸ್ಸುಕಾಲದ ಶುಕ್ರವಾರಗಳಲ್ಲಿ ಕ್ರೈಸ್ತರಾದ ನಮ್ಮಲ್ಲಿ ಅನೇಕರು ಶಿಲುಬೆಯ ಹಾದಿ ನಡೆಯುತ್ತೇವೆ. ಅದರ ಮೊದಲ ಸ್ಥಳ ಯಾವುದು? ಪಿಲಾತನು ಯೇಸುವಿಗೆ ಮರಣದಂಡನೆ ವಿಧಿಸಿದ್ದು. ಅದು ಬೀದಿ ಜಗಳದಲ್ಲಿ ನಡೆದ ಕೊಲೆಯಲ್ಲ. ಅಧಿಕಾರಿಯೊಬ್ಬ ನ್ಯಾಯಪೀಠದಲ್ಲಿ ಕುಳಿತು, ಜನರ ಕೂಗಿಗೆ ಮಣಿದು ಕೊಟ್ಟ ತೀರ್ಪು. ಅಲ್ಲಿ ಮಂಡಿಯೂರಿ ಬಂದ ನಾವೇ ರಾತ್ರಿ ಟೀವಿ ನೋಡುತ್ತಾ "ಇಂಥವರನ್ನು ನೇಣಿಗೆ ಹಾಕಬೇಕು" ಅನ್ನುತ್ತೇವೆ.

2020ರ ಮಾರ್ಚ್ 20ರ ಬೆಳಗ್ಗೆ ತಿಹಾರ್ ಜೈಲಿನಲ್ಲಿ ದೆಹಲಿಯ ಸಾಮೂಹಿಕ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಅಪರಾಧಿಗಳನ್ನು ಗಲ್ಲಿಗೇರಿಸಿದಾಗ ಹೊರಗೆ ಜನ ಸಿಹಿ ಹಂಚಿದರು. ಆ ನಾಲ್ವರ ಅಪರಾಧ ಘೋರವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೂ ಆ ಸಿಹಿಗೆ ಕ್ರೈಸ್ತನು ಕೈಚಾಚುವಂತಿಲ್ಲ ಎಂಬುದೇ ನಮ್ಮ ವಾದ.

ನೇಣಿನ ಪರ ಮಾತಾಡುವವರು ಮೊದಲು ತೆರೆಯುವುದು ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೇ ಅಧ್ಯಾಯ: ಅಧಿಕಾರಿಯ ಕೈಯಲ್ಲಿರುವ ಕತ್ತಿ ಸುಮ್ಮನೆ ಇಲ್ಲ ಎಂಬ ಮಾತು. ಸರಿ, ಒಂದು ಪುಟ ಹಿಂದಕ್ಕೆ ತಿರುಗಿಸಿ. 12ನೇ ಅಧ್ಯಾಯದ ಕೊನೆಯಲ್ಲಿ ಅದೇ ಪೌಲ, ಮುಯ್ಯಿ ತೀರಿಸಬೇಡಿ, ಹಸಿದ ವೈರಿಗೆ ಊಟ ಕೊಡಿ ಎನ್ನುತ್ತಾನೆ. ಸರಕಾರಕ್ಕೆ ಶಿಕ್ಷಿಸುವ ಅಧಿಕಾರವಿದೆ, ಒಪ್ಪೋಣ. ಅದು ಕೊಲ್ಲಲೇಬೇಕೆಂಬ ಅಪ್ಪಣೆ ಹೇಗಾಯಿತು? ರಕ್ತಕ್ಕೆ ರಕ್ತ ಎಂಬ ಆದಿಕಾಂಡದ ಮಾತನ್ನು ಎತ್ತುವವರು ಅದೇ ಪುಸ್ತಕದ ಕಾಯಿನನ ಕಥೆಯನ್ನೂ ಓದಲಿ. ಸ್ವಂತ ತಮ್ಮನನ್ನು ಕೊಂದವನ ಮೇಲೆ ದೇವರು ಗುರುತಿಟ್ಟದ್ದು, ಕಂಡವರು ಅವನನ್ನು ಕೊಲ್ಲದಿರಲಿ ಎಂದು.

ಸಭೆಯ ಚರಿತ್ರೆ ಇಲ್ಲಿ ಹೆಮ್ಮೆ ಪಡುವಂಥದ್ದಲ್ಲ. ಪೋಪರ ಆಳ್ವಿಕೆಯಲ್ಲಿದ್ದ ರೋಮಿನಲ್ಲಿ ಬುಗಾಟ್ಟಿ ಎಂಬ ಒಬ್ಬನೇ ವಧಕಾರ 1796ರಿಂದ 1864ರವರೆಗೆ 516 ಜನರನ್ನು ಕೊಂದ ಲೆಕ್ಕ ಬರೆದಿಟ್ಟಿದ್ದಾನೆ. ಆದರೆ ಬೇರೊಂದು ದನಿಯೂ ಮೊದಲಿನಿಂದ ಇತ್ತು. ಸುಮಾರು 412ರಲ್ಲಿ ಉತ್ತರ ಆಫ್ರಿಕಾದಲ್ಲಿ ವಿರೋಧಿ ಪಂಗಡದವರು ತನ್ನ ಕಡೆಯ ಗುರುವೊಬ್ಬನನ್ನು ಕೊಂದಾಗ, ಸಂತ ಅಗಸ್ಟೀನ ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಮಾರ್ಸೆಲ್ಲಿನನಿಗೆ ಪತ್ರ ಬರೆದ: ಕೊಂದವರ ಪ್ರಾಣ ತೆಗೆಯಬೇಡ, ಅಂಗ ಕಡಿಯಬೇಡ, ಉಪಯುಕ್ತ ಕೆಲಸಕ್ಕೆ ಹಚ್ಚು. ಕಥೋಲಿಕ ಸಭೆ ಅಧಿಕೃತವಾಗಿ ಈ ನಿಲುವಿಗೆ ಬರಲು 2018ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ಪೋಪ್ ಫ್ರಾನ್ಸಿಸ್ ಧರ್ಮೋಪದೇಶದ ಗ್ರಂಥವನ್ನೇ ತಿದ್ದಿಸಿ, ಮರಣದಂಡನೆ ಸಲ್ಲದು ಎಂದು ಬರೆಸಿದರು. ತಡವಾಯಿತು ನಿಜ.

"ನಿಮ್ಮ ಮನೆಯಲ್ಲಿ ಆಗಿದ್ದರೆ?" ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. 1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ತಮ್ಮ ಇಬ್ಬರು ಗಂಡುಮಕ್ಕಳೊಂದಿಗೆ ಗಾಡಿಯಲ್ಲೇ ಮಲಗಿದ್ದರು. ಗುಂಪೊಂದು ಗಾಡಿಗೆ ಬೆಂಕಿ ಹಚ್ಚಿತು. ಫಿಲಿಪ್‌ಗೆ ಹತ್ತು ವರ್ಷ, ತಿಮೋಥಿಗೆ ಆರು. ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಮಗಳೊಂದಿಗೆ ಬಾರಿಪಾದದಲ್ಲೇ ಉಳಿದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ವಿಚಾರಣಾ ನ್ಯಾಯಾಲಯ 2003ರಲ್ಲಿ ಮುಖ್ಯ ಅಪರಾಧಿಗೆ ಗಲ್ಲು ವಿಧಿಸಿತು. ಹೈಕೋರ್ಟ್ 2005ರಲ್ಲಿ ಅದನ್ನು ಜೀವಾವಧಿಗೆ ಇಳಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅವನು ಜೈಲಿನಲ್ಲೇ ಉಳಿದ. ಕೊಲ್ಲದಿದ್ದ ಮಾತ್ರಕ್ಕೆ ಬಿಟ್ಟಂತೆ ಆಗಲಿಲ್ಲ.

ನಮ್ಮ ಗಡಿಯದ್ದೇ ಪ್ರಕರಣವೂ ಇದೆ. ವೀರಪ್ಪನ್ ಗುಂಪು 1993ರಲ್ಲಿ ಪಾಲಾರ್‌ನಲ್ಲಿ ನೆಲಬಾಂಬ್ ಸಿಡಿಸಿ 22 ಜನರನ್ನು ಕೊಂದಿತು. ನಾಲ್ವರಿಗೆ ಮೈಸೂರಿನ ನ್ಯಾಯಾಲಯ ಜೀವಾವಧಿ ಕೊಟ್ಟರೆ, 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲು ಶಿಕ್ಷೆಗೆ ಹೆಚ್ಚಿಸಿತು. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ದೆಹಲಿಯಲ್ಲಿ ಕೊಳೆಯಿತು. ಆ ವಿಳಂಬಕ್ಕಾಗಿಯೇ 2014ರಲ್ಲಿ ಅದೇ ಕೋರ್ಟ್ ಮತ್ತೆ ಜೀವಾವಧಿಗೆ ಇಳಿಸಿತು. ಪೌಲ ಹೇಳಿದ ಕತ್ತಿ ಹಿಡಿದ ಕೈ ಇಷ್ಟು ಅಲುಗಾಡುತ್ತದೆ. ಈ ನಡುವೆ ಯಾರನ್ನಾದರೂ ನೇಣಿಗೆ ಹಾಕಿದ್ದರೆ ತಿದ್ದಿಕೊಳ್ಳಲು ಏನೂ ಉಳಿಯುತ್ತಿರಲಿಲ್ಲ.

ಹಾಗಾದರೆ ಸರಕಾರ ಯುದ್ಧದಲ್ಲಿ ಕೊಲ್ಲುವುದೂ ತಪ್ಪೇ? ಆ ಪ್ರಶ್ನೆ ಇಷ್ಟು ಸಲೀಸಲ್ಲ, ಸಲೀಸೆಂದು ನಾವು ನಟಿಸುವುದೂ ಇಲ್ಲ. ಗಡಿ ದಾಟಿ ಬಂದವನ ಕೈಯಲ್ಲಿ ಬಂದೂಕು ಇರುತ್ತದೆ. ನೇಣುಗಂಬದ ಕೆಳಗೆ ನಿಂತವನ ಕೈ ಕಟ್ಟಿರುತ್ತದೆ. ಅವನಿಂದ ಯಾರನ್ನೂ ಕಾಪಾಡಬೇಕಾಗಿಲ್ಲ. ಊರನ್ನು ಉಳಿಸಲು ಬೇರೆ ದಾರಿಯೇ ಇಲ್ಲದಾಗ ಆಯುಧ ಹಿಡಿದ ಸೈನಿಕನನ್ನು ನಾವು ಪಾಪಿ ಎನ್ನುವುದಿಲ್ಲ. 295ರಲ್ಲಿ ಸೈನ್ಯಕ್ಕೆ ಸೇರಲು ಒಪ್ಪದೆ ತಲೆ ಕೊಟ್ಟ ಮ್ಯಾಕ್ಸಿಮಿಲಿಯನ್‌ನನ್ನು ಸಭೆ ಸಂತನೆಂದು ನೆನೆಯುತ್ತದೆ ಎಂಬುದನ್ನೂ ಮರೆಯುವುದಿಲ್ಲ. ನ್ಯಾಯವಾದ ಯುದ್ಧಕ್ಕೆ ಮಧ್ಯಯುಗದ ದೇವಶಾಸ್ತ್ರಜ್ಞ ಅಕ್ವಿನಾಸ್ ಮೂರು ಷರತ್ತು ಹಾಕಿದ: ಅಧಿಕಾರವುಳ್ಳವರ ಆಜ್ಞೆ, ನ್ಯಾಯವಾದ ಕಾರಣ, ಸದುದ್ದೇಶ. ತೊಂದರೆ ಏನೆಂದರೆ, ಈ ಮೂರೂ ತನ್ನಲ್ಲಿವೆ ಎನ್ನದ ಸರಕಾರವೇ ಇಲ್ಲ. ಮೊದಲ ಮಹಾಯುದ್ಧದ ಜರ್ಮನ್ ಸೈನಿಕನ ಬೆಲ್ಟಿನ ಬಕಲ್ ಮೇಲೆ 'ದೇವರು ನಮ್ಮೊಂದಿಗೆ' ಎಂದಿತ್ತು. ಎದುರು ಕಂದಕದ ಇಂಗ್ಲಿಷ್ ಸೈನಿಕನೂ ಅದೇ ದೇವರಿಗೆ ಪ್ರಾರ್ಥಿಸುತ್ತಿದ್ದ. ಹಾಗಾಗಿ ಯುದ್ಧದ ಪರ ವಾದಿಸುವವನೇ ಬೇರೆ ದಾರಿ ಇರಲಿಲ್ಲವೆಂದು ಸಾಬೀತು ಮಾಡಬೇಕು; ಗುರುಗಳ ಆಶೀರ್ವಾದ ಅದಕ್ಕೆ ಪುರಾವೆಯಲ್ಲ.

ಈಗ ನಮ್ಮ ಕೋರಿಕೆ. ದೇಶದ ಯಾವ ಮೂಲೆಯಲ್ಲಾದರೂ ಗಲ್ಲಿನ ದಿನಾಂಕ ಗೊತ್ತಾದರೆ, ಆ ಭಾನುವಾರದ ಪ್ರಾರ್ಥನೆಯಲ್ಲಿ ಕೊಲೆಯಾದವರ ಮನೆಯವರನ್ನು ಮೊದಲು ನೆನೆಯಿರಿ, ಬಳಿಕ ಶಿಕ್ಷೆಗೆ ಒಳಗಾದವನ ಹೆಸರನ್ನೂ ಹೇಳಿ. ಸಂವಿಧಾನದ 72ನೇ ವಿಧಿ ರಾಷ್ಟ್ರಪತಿಗೆ ಕ್ಷಮಾದಾನದ ಅಧಿಕಾರ ಕೊಟ್ಟಿದೆ; ಶಿಕ್ಷೆಯನ್ನು ಜೀವಾವಧಿಗೆ ಇಳಿಸಿ ಎಂದು ನಿಮ್ಮ ಸಭೆಯಿಂದ ಒಂದು ಪತ್ರ ಹೋಗಲಿ. ಇದನ್ನು ಓದಿ ಮುಗಿಸಿದ ಮೇಲೆ ಎಸೆಯಬೇಡಿ, ಈ ಮಾತನ್ನು ಒಪ್ಪದ ಒಬ್ಬರ ಕೈಗೆ ಕೊಡಿ.