ಕಾರ್ಡು ಊರಿನಲ್ಲಿ, ಕಾಯಿಲೆ ಪುಣೆಯಲ್ಲಿ

ಕೇಂದ್ರ ಸರಕಾರವು 2018ರ ಸೆಪ್ಟೆಂಬರ್ 23ರಂದು ಆಯುಷ್ಮಾನ್ ಭಾರತ್ ಜನ ಆರೋಗ್ಯ ಯೋಜನೆಗೆ ಚಾಲನೆ ನೀಡಿತು. ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ಉಚಿತ ಚಿಕಿತ್ಸೆ. ವೆಚ್ಚದಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ ಪಾಲು ಶೇ. 40. ರಾಜ್ಯಗಳಲ್ಲಿ ಅದಾಗಲೇ ತಮ್ಮದೇ ಯೋಜನೆಗಳಿದ್ದವು. ಕರ್ನಾಟಕವು ತನ್ನ ಆರೋಗ್ಯ ಕರ್ನಾಟಕವನ್ನೂ ಮಹಾರಾಷ್ಟ್ರವು ಮಹಾತ್ಮಾ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆಯನ್ನೂ ಕೇಂದ್ರದ ಯೋಜನೆಯೊಂದಿಗೆ ಜೋಡಿಸಿದವು.

ಹೆಸರುಗಳು ಒಂದಾದರೂ ಫಲಾನುಭವಿಗಳ ಪಟ್ಟಿ ಒಂದಾಗಲಿಲ್ಲ. ಪುಣೆಯ ಕನ್ನಡಿಗರಿಗೆ ತೊಡಕಾಗಿರುವುದು ಇಲ್ಲಿಯೇ. ಕೇಂದ್ರದ ಮೂಲ ಪಟ್ಟಿ 2011ರ ಸಾಮಾಜಿಕ-ಆರ್ಥಿಕ ಗಣತಿಯನ್ನು ಆಧರಿಸಿದ್ದು, ಅದರಲ್ಲಿರುವವರು ದೇಶದ ಯಾವುದೇ ನೋಂದಾಯಿತ ಆಸ್ಪತ್ರೆಗೆ ಹೋಗಬಹುದು. ಆ ಪಟ್ಟಿಯ ಹೊರಗಿದ್ದು, ರಾಜ್ಯದ ಖರ್ಚಿನಲ್ಲಿ ಸೇರ್ಪಡೆಯಾದ ಕುಟುಂಬಗಳಿಗೆ ಈ ಸವಲತ್ತು ರಾಜ್ಯದ ಗಡಿ ದಾಟಿದರೂ ಸಿಗುತ್ತದೆಂಬ ಭರವಸೆಯಿಲ್ಲ. ಕಲಬುರಗಿ, ವಿಜಯಪುರದಿಂದ ಕಟ್ಟಡ ಕೆಲಸಕ್ಕೆ ಬಂದವರು, ಕರಾವಳಿಯಿಂದ ಬಂದ ಹೊಟೇಲ್ ಕಾರ್ಮಿಕರು ತಮ್ಮ ಹೆಸರು ಯಾವ ಪಟ್ಟಿಯಲ್ಲಿದೆ ಎಂಬುದನ್ನೇ ತಿಳಿಯದಿರುವುದುಂಟು. 'ಒಂದು ದೇಶ, ಒಂದು ಪಡಿತರ ಚೀಟಿ' ವ್ಯವಸ್ಥೆಯಡಿ ಊರಿನ ಚೀಟಿಗೆ ಪುಣೆಯಲ್ಲಿ ಅಕ್ಕಿ, ಗೋಧಿ ಸಿಗಬಹುದು. ಶಸ್ತ್ರಚಿಕಿತ್ಸೆಗೂ ಅದೇ ನಡೆಯುತ್ತದೆ ಎಂದು ನಂಬಿ ಕೂರುವಂತಿಲ್ಲ.

ಇಲ್ಲಿಯೇ ನೆಲೆಸಿದವರ ಸ್ಥಿತಿ ಬೇರೆ. ಮಹಾರಾಷ್ಟ್ರ ಸರಕಾರವು 2023ರಲ್ಲಿ ತನ್ನ ಯೋಜನೆಯ ಮಿತಿಯನ್ನು ಒಂದೂವರೆ ಲಕ್ಷದಿಂದ 5 ಲಕ್ಷ ರೂ.ಗೆ ಏರಿಸಿ, ಬಿಳಿ ಪಡಿತರ ಚೀಟಿಯವರೂ ಸೇರಿದಂತೆ ಎಲ್ಲ ನಿವಾಸಿಗಳಿಗೆ ವಿಸ್ತರಿಸಲು ನಿರ್ಧರಿಸಿತು. ಇಲ್ಲಿನ ಪಡಿತರ ಚೀಟಿ ಅಥವಾ ವಾಸ್ತವ್ಯ ಪ್ರಮಾಣಪತ್ರ ಇದ್ದವರು, ಮಾತೃಭಾಷೆ ಯಾವುದೇ ಇರಲಿ, ಇದಕ್ಕೆ ಹಕ್ಕುದಾರರು. 2024ರ ಅಕ್ಟೋಬರ್‌ನಲ್ಲಿ ಕೇಂದ್ರವು 70 ವರ್ಷ ತುಂಬಿದವರನ್ನೂ ಆದಾಯದ ಮಿತಿಯಿಲ್ಲದೆ ತನ್ನ ಯೋಜನೆಗೆ ಸೇರಿಸಿಕೊಂಡಿದೆ. ಅದಕ್ಕೆ ಆಧಾರ್ ಮೂಲಕ ಪ್ರತ್ಯೇಕ ಕಾರ್ಡು ಪಡೆಯಬೇಕು.

ಸವಲತ್ತು ಇದ್ದೂ ಕಾಗದಪತ್ರ ಸರಿಯಿಲ್ಲದೆ ಬಡ ಕುಟುಂಬವೊಂದು ಸಾಲಕ್ಕೆ ಬೀಳುವುದು ವಿಷಾದನೀಯ. ರೋಗಿ ಹಾಸಿಗೆ ಹಿಡಿದ ಮೇಲೆ ಊರಿಗೆ ಓಡಿ ಕಾರ್ಡು ತರಿಸುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಈ ವಿಷಯದಲ್ಲಿ ಪುಣೆಯ ಕನ್ನಡ ಸಂಘ-ಸಂಸ್ಥೆಗಳು ಮಾಡಬಹುದಾದ ಕೆಲಸ ಬಹಳಷ್ಟಿದೆ. ರಾಜ್ಯೋತ್ಸವ, ವಾರ್ಷಿಕೋತ್ಸವಗಳಲ್ಲಿ ಆರೋಗ್ಯ ತಪಾಸಣೆಯ ಮೇಜಿನ ಪಕ್ಕದಲ್ಲೇ ಕಾರ್ಡು ತಪಾಸಣೆಯ ಮೇಜೊಂದನ್ನೂ ಹಾಕಲಿ. ಮರಾಠಿ ಬಲ್ಲ ಯುವಕರು ಅರ್ಜಿ ತುಂಬಲು ನೆರವಾಗಲಿ. 14555 ಸಹಾಯವಾಣಿಗೆ ಕರೆಮಾಡಿ ಹೆಸರು ಖಚಿತಪಡಿಸಿಕೊಡಲಿ. ಸದಸ್ಯರಲ್ಲದ ಕಾರ್ಮಿಕರಿಗೂ ಆ ಮೇಜಿನ ಮುಂದೆ ಜಾಗವಿರಲಿ. ಇದಕ್ಕೆ ದೊಡ್ಡ ನಿಧಿ ಬೇಕಿಲ್ಲ, ತಿಳಿದ ನಾಲ್ಕು ಜನರ ಒಂದು ಭಾನುವಾರ ಸಾಕು.